ಸಣ್ಣ ಹಿಡುವಳಿ, ಸಾವಯವ ಕೃಷಿ ಮತ್ತು ಸಾಲದಿಂದ ಬಿಡುಗಡೆ

(ಹಾನುಬಾಳಿನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣಕ್ಕಾಗಿ ಹುಟ್ಟಿದ ಸಂಘದ ಸಭೆಯಲ್ಲಿ ಸಗಣಿ ಗೊಬ್ಬರದ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಅದಕ್ಕೆ ನಾನು ಒಂದು ಪ್ರಶ್ನೆಯಿಂದಲೇ ಉತ್ತರ ಕೊಡುತ್ತೇನೆ. ನಮ್ಮ ಹೋಬಳಿಯ ಮನೆಗಳಲ್ಲಿ ಕೈಯಲ್ಲಿ ದುಡ್ಡು ಇರುವ ತಿಂಗಳು ಯಾವುದು? ಕಾಫಿ ಒಣಗಿಸಿ, ಕಾಳುಮೆಣಸು ಕೊಯ್ದು ಮಾರಿದ ಮೇಲೆ, ಅಂದರೆ ಜನವರಿಯಿಂದ ಏಪ್ರಿಲ್‌ವರೆಗೆ. ಮಕ್ಕಳ ಶುಲ್ಕ, ಪುಸ್ತಕ, ಹಾಸ್ಟೆಲ್ ಖರ್ಚು ಬರುವುದು ಯಾವಾಗ? ಜೂನ್‌ನಲ್ಲಿ. ಮಳೆಗಾಲಕ್ಕೆ ಮುಂಚಿನ ಗೊಬ್ಬರದ ಖರ್ಚು ಬರುವುದು ಯಾವಾಗ? ಅದೂ ಮೇ ಮತ್ತು ಜೂನ್‌ನಲ್ಲಿಯೇ. ಎರಡು ಎಕರೆ ತೋಟದ ಮನೆಯಲ್ಲಿ ಗೊಬ್ಬರದ ಚೀಲ ಮತ್ತು ಮಗಳ ಕಾಲೇಜಿನ ಶುಲ್ಕ ಒಂದೇ ವಾರದಲ್ಲಿ ಎದುರುಬದುರು ನಿಲ್ಲುತ್ತವೆ. ಗೆಲ್ಲುವುದು ಹೆಚ್ಚಾಗಿ ಗೊಬ್ಬರದ ಚೀಲವೇ. ಏಕೆಂದರೆ ತೋಟ ಹೋದರೆ ಎಲ್ಲವೂ ಹೋಯಿತು ಎಂಬ ಭಯ. ಆದ್ದರಿಂದ ಗೊಬ್ಬರದ ಮಾತು ಈ ಸಂಘದ ಮಾತೇ ಆಗಿದೆ.

ಕಾಫಿಯ ಕಥೆ

ಕಾಫಿ ನಮಗೆ ಹೊರಗಿನ ಬೆಳೆಯೂ ಹೌದು, ಮನೆಯ ಬೆಳೆಯೂ ಹೌದು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಹಜ್ ಮುಗಿಸಿ ಬರುವಾಗ ಯೆಮನ್‌ನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರು ಎಂಬುದು ನಾಡಿನ ಎಲ್ಲ ಜನರೂ ಹೇಳಿಕೊಂಡು ಬಂದ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಯನ್ನರು ಮಂಜರಾಬಾದ್ ಸೀಮೆಯಲ್ಲಿ, ಅಂದರೆ ಈಗಿನ ಸಕಲೇಶಪುರದ ಸುತ್ತಮುತ್ತ, ದೊಡ್ಡ ಎಸ್ಟೇಟ್‌ಗಳನ್ನು ಮಾಡಿದರು. ಆ ಕಾರಣದಿಂದ ಕಾಫಿ ಎಂದರೆ ಬಂಗಲೆ, ಜೀಪು, ಸಾಹುಕಾರರು ಎಂಬ ಚಿತ್ರ ಹೊರಗಿನವರ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ವಾಸ್ತವ ಬೇರೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗವನ್ನು ಕರ್ನಾಟಕವೇ ಬೆಳೆಯುತ್ತದೆ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರ್‌ಗಿಂತ ಚಿಕ್ಕವು. ಅವುಗಳಲ್ಲಿಯೂ ಬಹುಪಾಲು ಒಂದು, ಎರಡು, ಮೂರು ಎಕರೆಯವು. ಬಂಗಲೆಯ ಕಾಫಿಗೂ ಗುಡಿಸಲಿನ ಕಾಫಿಗೂ ಮಾರುಕಟ್ಟೆಯಲ್ಲಿ ಒಂದೇ ಬೆಲೆ. ಆದರೆ ಬೆಲೆ ಬಿದ್ದಾಗ ತಾಳಿಕೊಳ್ಳುವ ಶಕ್ತಿ ಒಂದೇ ಅಲ್ಲ.

ಹಿರಿಯರಿಗೆ ನೆನಪಿರಬಹುದು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. 1990ರ ದಶಕದ ನಡುವಿನ ಹೊತ್ತಿಗೆ ನಮ್ಮಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ಹೋಗಿ ಮುಕ್ತ ಮಾರಾಟ ಬಂತು. ಮೊದಮೊದಲು ಬೆಲೆ ಏರಿತು, ಎಲ್ಲರೂ ಹಿಗ್ಗಿದರು. 2001 ಮತ್ತು 2002ರಲ್ಲಿ ಪ್ರಪಂಚದ ಬೆಲೆ ಮೂವತ್ತು ವರ್ಷಗಳಲ್ಲಿಯೇ ಕಾಣದಷ್ಟು ಕೆಳಗೆ ಕುಸಿಯಿತು. ಕೊಯ್ಲಿನ ಕೂಲಿಯೂ ಹುಟ್ಟದೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ಅರೇಬಿಕಾ ಬೆಲೆ 1977ರ ದಾಖಲೆಯನ್ನು ಮುರಿಯಿತು. ಇಷ್ಟು ಏರಿದಾಗಲೂ ಸಣ್ಣ ಬೆಳೆಗಾರನಿಗೆ ಅದರ ಪೂರ್ತಿ ಲಾಭ ಸಿಕ್ಕಿತೇ? ಗೊಬ್ಬರದ ಅಂಗಡಿಯಲ್ಲೋ ವ್ಯಾಪಾರಿಯಲ್ಲೋ ಮುಂಗಡ ಪಡೆದವನು ಕಣದಿಂದಲೇ ಚೀಲ ಎತ್ತಿಕೊಡಬೇಕಾಗುತ್ತದೆ. ಬೆಲೆ ಏರುವವರೆಗೆ ಕಾಯುವ ಹಕ್ಕು ಸಾಲವಿಲ್ಲದವನಿಗೆ ಮಾತ್ರ ಇದೆ. ನನ್ನ ಇಂದಿನ ಮಾತಿನ ತಿರುಳು ಇದೇ. ಬಡತನ ಎಂದರೆ ಬರೀ ಇಳುವರಿ ಕಡಿಮೆ ಇರುವುದಲ್ಲ. ತನ್ನ ಬೆಳೆಯನ್ನು ತನಗೆ ಬೇಕಾದ ದಿನ ಮಾರಲಾಗದೆ ಇರುವುದೇ ಬಡತನ. ಸಾವಯವ ಕೃಷಿಯನ್ನು ನಾವು ಈ ಕಣ್ಣಿನಿಂದ ನೋಡಬೇಕು.

ಸಾವಯವ ಎಂದರೆ ಏನೂ ಹಾಕದಿರುವುದಲ್ಲ

ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ದುಡ್ಡಿಲ್ಲದೆ ಗೊಬ್ಬರ ಹಾಕದೆ ಬಿಟ್ಟ ತೋಟವನ್ನು "ನಮ್ಮದು ಸಾವಯವ" ಎಂದು ಕರೆಯುತ್ತೇವೆ. ಅದು ಸಾವಯವವಲ್ಲ, ಉಪವಾಸ. ಒಂದು ಸರಳ ಲೆಕ್ಕ ಹೇಳುತ್ತೇನೆ. 45 ಕಿಲೋ ತೂಕದ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಒಳ್ಳೆಯ ಕಾಂಪೋಸ್ಟ್‌ನಲ್ಲಿ ನೂರಕ್ಕೆ ಒಂದು ಭಾಗ ಸಾರಜನಕ ಇದೆ ಎಂದುಕೊಂಡರೂ ಅದೇ 20 ಕಿಲೋಗೆ ಎರಡು ಟನ್ ಕಾಂಪೋಸ್ಟ್ ಬೇಕು. ಒಂದು ಮಲೆನಾಡು ಗಿಡ್ಡ ಹಸುವಿನಿಂದ ಅಷ್ಟು ಬರುವುದು ಕಷ್ಟ. ಹಾಗಾದರೆ ಉಳಿದದ್ದು ಎಲ್ಲಿಂದ ಬರಬೇಕು?

ಅದಕ್ಕೆ ಉತ್ತರ ನಮ್ಮ ತೋಟದ ನೆರಳಿನಲ್ಲಿಯೇ ಇದೆ. ಹಾಲವಾಣ ಮರ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ಬೇಲಿಯಲ್ಲಿ ನೆಟ್ಟ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡ, ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಕೊಡುತ್ತದೆ. ಅತ್ತಿ, ಹಲಸು, ನಂದಿ, ಬಸುರಿ ಮುಂತಾದ ಕಾಡುಮರಗಳ ದರಗು ಎಕರೆಗೆ ಟನ್ನುಗಟ್ಟಲೆ ಬೀಳುತ್ತದೆ. ಇದನ್ನು ಗುಡಿಸಿ ಸುಟ್ಟರೆ ಗೊಬ್ಬರದ ಚೀಲಕ್ಕೇ ಬೆಂಕಿ ಇಟ್ಟಂತೆ. ಮರಗಸಿ ಮಾಡಿದ ಸೊಪ್ಪು, ಕಾಫಿ ಸಿಪ್ಪೆ, ಅಡುಗೆಮನೆಯ ಕಸ, ಕೊಟ್ಟಿಗೆಯ ಗಂಜಳ, ಇವೆಲ್ಲ ಒಂದೇ ಗುಂಡಿಗೆ ಬರಬೇಕು. ಮರ ಕಡಿದು ಸಿಲ್ವರ್ ಓಕ್ ಮಾತ್ರ ನಿಲ್ಲಿಸಿದ ತೋಟದಲ್ಲಿ ಇದು ಸಾಧ್ಯವಿಲ್ಲ. ಸಿಲ್ವರ್ ಓಕ್ ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ, ನಿಜ. ಆದರೆ ಅದರ ಎಲೆ ಬೇಗ ಕರಗುವುದಿಲ್ಲ, ಹಾಲವಾಣದಂತೆ ಅದು ಮಣ್ಣಿಗೆ ಸಾರಜನಕವನ್ನೂ ಕೊಡುವುದಿಲ್ಲ.

ಗೊಬ್ಬರದ ವಿದ್ಯೆ ನಮಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಸ್ಪೇನ್‌ನ ಸೆವಿಲ್ಲೆಯಲ್ಲಿದ್ದ ಇಬ್ನ್ ಅಲ್-ಅವ್ವಾಮ್ ಕೃಷಿಯ ಮೇಲೆಯೇ ಒಂದು ದೊಡ್ಡ ಗ್ರಂಥ ಬರೆದರು. ಅದರಲ್ಲಿ ಮಣ್ಣಿನ ಬಗೆ, ಗೊಬ್ಬರದ ಬಗೆ, ನೀರು, ಕಸಿ ಎಲ್ಲದಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ವಿದ್ವಾಂಸರೊಬ್ಬರು ಗೊಬ್ಬರದ ಬಗ್ಗೆ ಬರೆಯುವುದನ್ನು ಆ ಕಾಲದಲ್ಲಿ ಯಾರೂ ಕೀಳೆಂದು ಎಣಿಸಲಿಲ್ಲ. ಪದವಿ ಓದಿದ ನಮ್ಮ ಹುಡುಗರು ತೋಟಕ್ಕಿಳಿಯಲು ನಾಚುವ ಈ ಕಾಲದಲ್ಲಿ ಇದನ್ನು ನೆನಪಿಸಬೇಕಾಗಿದೆ.

ನಮ್ಮ ನಾಡಿನ ಅನುಭವ

ಕರ್ನಾಟಕದಲ್ಲಿ ಈ ದಾರಿಯಲ್ಲಿ ನಡೆದವರು ಹಲವರಿದ್ದಾರೆ. ಉಡುಪಿ ಕಡೆಯ ಚೇರ್ಕಾಡಿ ರಾಮಚಂದ್ರ ರಾಯರು ಎರಡು ಎಕರೆ ಆಸುಪಾಸಿನ ಜಾಗದಲ್ಲಿ, ಉಳುಮೆ ಇಲ್ಲದೆ, ಸ್ವಂತ ದುಡಿಮೆಯಿಂದ ಭತ್ತ, ತರಕಾರಿ ಬೆಳೆದು ಸಂಸಾರ ನಡೆಸಿದರು. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ಸಾವಿರಾರು ರೈತರಿಗೆ ತಮ್ಮ ಹೊಲವನ್ನೇ ಶಾಲೆಯಾಗಿ ತೋರಿಸಿದರು. ಪಕ್ಕದ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು ಜಪಾನಿನ ಫುಕುವೋಕಾ ಅವರ ವಿಚಾರವನ್ನು 'ಸಹಜ ಕೃಷಿ'ಯ ಮೂಲಕ ಕನ್ನಡದ ಓದುಗರ ಮುಂದಿಟ್ಟರು. ನಮ್ಮ ಸಕಲೇಶಪುರ ಭಾಗದಲ್ಲಿಯೇ 'ಭೂಮಿ' ಸಂಸ್ಥೆಯವರು ಮಲೆನಾಡಿನ ಹಳೆಯ ಭತ್ತದ ತಳಿಗಳನ್ನು ಉಳಿಸುವ ಕೆಲಸ ಮಾಡಿದ್ದಾರೆ. 2004ರಲ್ಲಿ ಕರ್ನಾಟಕ ಸರ್ಕಾರ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಇಂಥ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು.

ವಿಷದ ಬೆಲೆ ಏನೆಂಬುದನ್ನು ಕಾಸರಗೋಡು ನಮಗೆ ತೋರಿಸಿದೆ. ಅಲ್ಲಿ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ವಾಣಿನಗರದ ಪತ್ರಕರ್ತ ಶ್ರೀ ಪಡ್ರೆಯವರು ಅದರ ಬಗ್ಗೆ ಬರೆದು ಎಚ್ಚರಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಹಿಡಿಯಿತು. ಅದೇ ಔಷಧಿಯನ್ನು ನಮ್ಮ ಕಾಫಿ ತೋಟಗಳಲ್ಲಿಯೂ ಕಾಯಿಕೊರಕಕ್ಕೆ ಹೊಡೆಯುತ್ತಿದ್ದರು. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದವರು ಸಾಹುಕಾರರಲ್ಲ. ಲೈನ್ ಮನೆಗಳಲ್ಲಿ ಇರುವ ನಮ್ಮವರೇ.

ಇನ್ನೊಂದು ಎಚ್ಚರಿಕೆಯ ಪಾಠ ಶ್ರೀಲಂಕಾದ್ದು. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿತು. ಭತ್ತ, ಚಹಾ ಎರಡೂ ಕುಸಿದವು. ನವೆಂಬರ್ ಹೊತ್ತಿಗೆ ಆದೇಶವನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ಸಿದ್ಧತೆ ಇಲ್ಲದ ಸಾವಯವ ಬಡವನನ್ನು ಇನ್ನೂ ಬಡವನನ್ನಾಗಿ ಮಾಡುತ್ತದೆ. ಆದ್ದರಿಂದ ಯಾರೂ ನನ್ನ ಮಾತು ಕೇಳಿ ನಾಳೆಯೇ ಎರಡೂ ಎಕರೆಗೆ ಗೊಬ್ಬರ ನಿಲ್ಲಿಸಬೇಡಿ. ಮೊದಲ ವರ್ಷ ಅರ್ಧ ಎಕರೆ ಸಾಕು.

ತೋಟದಲ್ಲಿ ಮಾಡಬೇಕಾದದ್ದು

ಮೊದಲು ಮಣ್ಣು ಪರೀಕ್ಷೆ. ನಮ್ಮ ಮಣ್ಣು ಹುಳಿ ಮಣ್ಣು. ಹುಳಿ ಹೆಚ್ಚಾದರೆ ಹಾಕಿದ ಗೊಬ್ಬರವೂ ಗಿಡಕ್ಕೆ ಸರಿಯಾಗಿ ಸಿಗದು. ಕೃಷಿ ಸುಣ್ಣ ಹಾಕಲು ಸಾವಯವ ನಿಯಮಗಳಲ್ಲಿ ಅಡ್ಡಿಯಿಲ್ಲ. ಕಾಫಿ ಮಂಡಳಿಯವರು, ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರು ಈ ವಿಷಯದಲ್ಲಿ ಸಲಹೆ ನೀಡುತ್ತಾರೆ. ಏಲಕ್ಕಿ ಇದ್ದವರಿಗೆ ದೋಣಿಗಾಲ್‌ನಲ್ಲಿಯೇ ಸಂಬಾರ ಮಂಡಳಿಯ ಸಂಶೋಧನಾ ಕೇಂದ್ರ ಇದೆ.

ಎರಡನೆಯದು ಕೀಟ ಮತ್ತು ರೋಗ. ಅರೇಬಿಕಾದ ದೊಡ್ಡ ಶತ್ರು ಬಿಳಿ ಕಾಂಡಕೊರಕ. ಬಿಸಿಲು ಬೀಳುವ ತೋಟದಲ್ಲಿ ಅದರ ಹಾವಳಿ ಜಾಸ್ತಿ. ಒಳ್ಳೆಯ ನೆರಳು ಇಡುವುದು, ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು, ಹುಳು ಹಾರುವ ಕಾಲಕ್ಕೆ ಮುಂಚೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಿಡಿದ ಗಿಡಗಳನ್ನು ಗುರುತಿಸಿ ಕಿತ್ತು ಸುಡುವುದು, ಇವಕ್ಕೆ ಬೇಕಾದದ್ದು ಕಣ್ಣು ಮತ್ತು ಕೈ. ಕಾಯಿಕೊರಕಕ್ಕೆ ಗಿಡದಲ್ಲಿಯೂ ನೆಲದಲ್ಲಿಯೂ ಕಾಯಿ ಉಳಿಯದಂತೆ ಆರಿಸುವುದೇ ಮುಖ್ಯ ಮದ್ದು. ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಂಡು, ಬೇವಿನ ಹಿಂಡಿ ಮತ್ತು ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ ಹಾಕಬೇಕು. ಈ ಕೆಲಸಗಳಲ್ಲಿ ದೊಡ್ಡ ಎಸ್ಟೇಟ್‌ಗಿಂತ ಸಣ್ಣ ಬೆಳೆಗಾರನಿಗೇ ಅನುಕೂಲ ಹೆಚ್ಚು. ಐನೂರು ಎಕರೆಯ ಮಾಲೀಕ ಪ್ರತಿ ಗಿಡವನ್ನು ನೋಡಲಾರ. ಎರಡು ಎಕರೆಯವನು, ಅವನ ಹೆಂಡತಿ ಮಕ್ಕಳು, ಗಿಡಗಳನ್ನು ಒಂದೊಂದಾಗಿ ಬಲ್ಲರು.

ಮೂರನೆಯದು ಬೆಳೆಯ ವೈವಿಧ್ಯ. ಕಾಫಿ ಕೈಕೊಟ್ಟ ವರ್ಷ ಮೆಣಸು ಕಾಪಾಡಬೇಕು. ಮೆಣಸು ಸೊರಗಿದಾಗ ಬಾಳೆ, ಶುಂಠಿ, ಕಿತ್ತಳೆ, ಜೇನು, ಕೋಳಿ, ಹಸುವಿನ ಹಾಲು ಮನೆ ನಡೆಸಬೇಕು. ಆನೆಯ ಕಾಟ, ಆಳಿನ ಕೊರತೆಯಿಂದ ಗದ್ದೆಗಳನ್ನು ಬೀಳುಬಿಟ್ಟವರು ನಮ್ಮಲ್ಲಿ ಬಹಳ. ಆನೆಗೆ ಸಾವಯವದಲ್ಲಿ ಮದ್ದಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮನೆ ಪಕ್ಕದ ತುಂಡು ಗದ್ದೆಯಲ್ಲಾದರೂ ಮನೆಗೆ ಬೇಕಾದ ಅಕ್ಕಿ, ಹಿತ್ತಲಿನಲ್ಲಿ ತರಕಾರಿ ಬೆಳೆದರೆ ಅಂಗಡಿಯ ಲೆಕ್ಕ ಅಷ್ಟರಮಟ್ಟಿಗೆ ಇಳಿಯುತ್ತದೆ.

ಮೂರು ವರ್ಷದ ಸೇತುವೆ

ಈಗ ಕಷ್ಟದ ಮಾತಿಗೆ ಬರುತ್ತೇನೆ. ರಾಸಾಯನಿಕದಿಂದ ಸಾವಯವಕ್ಕೆ ಬದಲಾಗುವಾಗ ಮೊದಲ ಎರಡು ಮೂರು ವರ್ಷ ಇಳುವರಿ ಇಳಿಯುವುದು ಸಾಮಾನ್ಯ. ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ ಪರಿವರ್ತನೆಯ ಅವಧಿಯೇ ಮೂರು ವರ್ಷ. ಆ ಅವಧಿಯಲ್ಲಿ ಇಳುವರಿ ಕಡಿಮೆ, ಸಾವಯವದ ಹೆಚ್ಚಿನ ಬೆಲೆಯೂ ಸಿಗದು. ಶ್ರೀಮಂತ ಬೆಳೆಗಾರ ಈ ಹೊಳೆಯನ್ನು ಈಜಿ ದಾಟುತ್ತಾನೆ. ಸಣ್ಣ ರೈತನಿಗೆ ಸೇತುವೆ ಬೇಕು. ಸೇತುವೆ ಕಟ್ಟದೆ "ಸಾವಯವ ಮಾಡಿ" ಎಂದು ಭಾಷಣ ಮಾಡುವುದು ಅವನನ್ನು ನೀರಿಗೆ ತಳ್ಳಿದಂತೆ.

ಪ್ರಮಾಣಪತ್ರದ ವಿಷಯದಲ್ಲಿಯೂ ಹೀಗೆಯೇ. ಒಬ್ಬೊಬ್ಬರೇ ಹೋದರೆ ತಪಾಸಣೆಯ ಖರ್ಚು ಸಣ್ಣವನಿಗೆ ತಾಳದು. ಆದರೆ ಗುಂಪಾಗಿ ಹೋಗಲು ಅವಕಾಶ ಇದೆ. 2011ರಲ್ಲಿ ಶುರುವಾದ ಪಿಜಿಎಸ್-ಇಂಡಿಯಾ ಪದ್ಧತಿಯಲ್ಲಿ ಐದು ರೈತರ ಗುಂಪೂ ಸಾಕು. ಅಲ್ಲಿ ರೈತರೇ ಒಬ್ಬರ ತೋಟವನ್ನು ಇನ್ನೊಬ್ಬರು ನೋಡಿ ಸಾಕ್ಷಿ ಹೇಳುತ್ತಾರೆ. ಇದು ದೇಶದೊಳಗಿನ ಮಾರಾಟಕ್ಕೆ. ಹೊರದೇಶಕ್ಕೆ ಕಳಿಸಬೇಕಾದರೆ ಮೂರನೆಯವರ ತಪಾಸಣೆ ಬೇಕು. ಅದನ್ನೂ ಗುಂಪಿನ ಮೂಲಕ ಪಡೆಯಬಹುದು. ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ 2015ರಿಂದ ಗುಂಪುಗಳಿಗೇ ನೆರವು ನೀಡುತ್ತಾ ಬಂದಿದೆ. ಹತ್ತು ಜನ ಬೆಳೆಗಾರರು ಸೇರಿದರೆ ಉತ್ಪಾದಕರ ಕಂಪನಿಯನ್ನೇ ನೋಂದಾಯಿಸಬಹುದು.

ಆದರೆ ಇವೆಲ್ಲಕ್ಕೂ ಕಾಗದ ಬೇಕು. ಪಹಣಿ ಅಜ್ಜನ ಹೆಸರಿನಲ್ಲಿದೆ, ಅಣ್ಣತಮ್ಮಂದಿರ ನಡುವೆ ಪಾಲಾಗಿಲ್ಲ, ಬಗರ್ ಹುಕುಂ ಅರ್ಜಿ ಹಾಗೆಯೇ ಇದೆ. ಇಂಥ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಸರ್ಕಾರದ ನೆರವು ಸಣ್ಣ ರೈತನ ಅಂಗಳಕ್ಕೆ ಬಾರದಿರಲು ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಮಾರುವ ಜಾಣ್ಮೆ

ಸಾವಯವ ಎಂದ ಮಾತ್ರಕ್ಕೆ ಬೆಲೆ ತಾನಾಗಿ ಏರುವುದಿಲ್ಲ. ಹಸಿ ಕಾಯಿ, ಹಣ್ಣು ಒಟ್ಟಿಗೆ ಉದುರಿಸಿ, ಮಣ್ಣಿನ ಕಣದಲ್ಲಿ ಒಣಗಿಸಿದ ಚೆರಿಗೆ ಯಾವ ಪ್ರಮಾಣಪತ್ರವೂ ಬೆಲೆ ತರದು. ಹಣ್ಣನ್ನು ಮಾತ್ರ ಆರಿಸಿ ಕೊಯ್ಯುವುದು, ಸಿಮೆಂಟ್ ಕಣದಲ್ಲೋ ಟಾರ್ಪಾಲಿನ ಮೇಲೋ ಒಣಗಿಸುವುದು, ಮೆಣಸನ್ನು ಜರಡಿ ಹಿಡಿದು ಬೇರೆ ಮಾಡುವುದು ಮೊದಲ ಮೆಟ್ಟಿಲು. 50 ಕಿಲೋ ಚೆರಿ ಚೀಲಕ್ಕೆ ವ್ಯಾಪಾರಿ ಬೆಲೆ ಕಟ್ಟುವುದು ಔಟ್‌ಟರ್ನ್ ನೋಡಿ, ಅಂದರೆ ಅದರಲ್ಲಿ ಎಷ್ಟು ಕಿಲೋ ಶುದ್ಧ ಬೇಳೆ ಬರುತ್ತದೆ ಎಂದು ನೋಡಿ. ನಮ್ಮ ಎಷ್ಟು ಜನ ಬೆಳೆಗಾರರಿಗೆ ತಮ್ಮ ಕಾಫಿಯ ಔಟ್‌ಟರ್ನ್ ಗೊತ್ತಿದೆ? ಒಂದು ತಕ್ಕಡಿ, ಒಂದು ತೇವಾಂಶ ಮಾಪಕ ಗುಂಪಿನ ಹತ್ತಿರ ಇದ್ದರೆ ಈ ಕುರುಡು ವ್ಯಾಪಾರ ನಿಲ್ಲುತ್ತದೆ.

ಇಲ್ಲಿ ಕುಳಿತಿರುವವರಲ್ಲಿ ವ್ಯಾಪಾರಿಗಳೂ ಇದ್ದೀರಿ. ನಿಮ್ಮನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಮಲೆನಾಡಿನ ಮೆಣಸು, ಏಲಕ್ಕಿ, ಕಾಫಿಯನ್ನು ಮಂಗಳೂರು, ಕೊಚ್ಚಿಗೆ ಮುಟ್ಟಿಸುವ ಅನುಭವ ನಿಮ್ಮಲ್ಲಿದೆ. ಆ ಅನುಭವವನ್ನು ಗುಂಪಿಗೆ ಕೊಡಿ. ಗುಣಮಟ್ಟಕ್ಕೆ ತಕ್ಕ ಬೆಲೆ ಕೊಟ್ಟು, ಸಾವಯವ ಮಾಲನ್ನು ಬೇರೆ ಮಾಲಿನ ಜೊತೆ ಬೆರೆಸದೆ ಇಟ್ಟರೆ ನಿಮಗೂ ಲಾಭ, ಊರಿಗೂ ಹೆಸರು.

ಸಂಘ ಮಾಡಬಹುದಾದ ನಾಲ್ಕು ಕೆಲಸ

ಕೊನೆಯದಾಗಿ ನಮ್ಮ ಸಂಘದ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ.

ಒಂದು, ಹೋಬಳಿಯಲ್ಲಿ ಹತ್ತು ಕುಟುಂಬಗಳನ್ನು ಆರಿಸಿ, ಪ್ರತಿ ಕುಟುಂಬ ಅರ್ಧ ಎಕರೆಯಿಂದ ಶುರುಮಾಡಲಿ. ಹತ್ತು ಕುಟುಂಬಗಳೂ ಒಂದೇ ಜಾತಿ, ಒಂದೇ ಧರ್ಮದವರಾಗಿರಬೇಕಿಲ್ಲ. ಬೇಲಿಯಾಚೆಯ ತೋಟದ ಔಷಧಿ ಗಾಳಿಯಲ್ಲಿ ನಮ್ಮ ತೋಟಕ್ಕೂ ಬರುತ್ತದೆ. ಆದ್ದರಿಂದ ನೆರೆಯವರನ್ನು ಬಿಟ್ಟು ಸಾವಯವ ಮಾಡಲು ಬರುವುದೇ ಇಲ್ಲ.

ಎರಡು, ಈ ಕುಟುಂಬಗಳ ಮೂರು ವರ್ಷದ ಸೇತುವೆಗಾಗಿ ಸಂಘ ಒಂದು ಬಡ್ಡಿಯಿಲ್ಲದ ಕೈಗಡ ನಿಧಿಯನ್ನು ಮಾಡಲಿ. ಜೂನ್‌ನಲ್ಲಿ ಶುಲ್ಕಕ್ಕೆ ಕೊಟ್ಟು ಮೆಣಸು ಮಾರಿದ ಮೇಲೆ ಮಾರ್ಚ್‌ನಲ್ಲಿ ಹಿಂದಕ್ಕೆ ಪಡೆಯಲಿ. ಹಣ ಅದೇ, ಆದರೆ ಬೆಳೆಗಾರ ಕಣದಲ್ಲಿ ತಲೆಯೆತ್ತಿ ನಿಲ್ಲುತ್ತಾನೆ. ಸಹಕಾರ ಸಂಘಗಳ ಬಡ್ಡಿರಹಿತ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಅದನ್ನು ಪಡೆಯಲು ಅರ್ಹರಾದವರು ಸದಸ್ಯರಾಗುವಂತೆಯೂ ನೋಡಿಕೊಳ್ಳಬೇಕು.

ಮೂರು, ವಿದ್ಯಾರ್ಥಿಗಳ ಕೆಲಸ. ಸಾವಯವ ಪ್ರಮಾಣಪತ್ರದ ಜೀವಾಳವೇ ದಾಖಲೆ ಪುಸ್ತಕ. ಯಾವ ದಿನ ಏನು ಹಾಕಿದೆವು, ಎಲ್ಲಿಂದ ತಂದೆವು, ಎಷ್ಟು ಕೊಯ್ದೆವು, ಯಾರಿಗೆ ಮಾರಿದೆವು ಎಂದು ಬರೆದಿಡಬೇಕು. ಓದು ಬಾರದ ತಂದೆಗೆ ಇದು ಬೆಟ್ಟ. ಹತ್ತನೆಯ ತರಗತಿಯ ಮಗಳಿಗೆ ವಾರಕ್ಕೆ ಅರ್ಧ ಗಂಟೆಯ ಕೆಲಸ. ಪಹಣಿ ತಿದ್ದುಪಡಿಯ ಅರ್ಜಿ ಬರೆಯುವುದು, ದಿನದ ಬೆಲೆ ನೋಡಿ ಹೇಳುವುದು ಇವೂ ನಿಮ್ಮಿಂದಾಗುವ ಸೇವೆ. ನೀವು ಕಲಿತ ಅಕ್ಷರ ಮೊದಲು ನಿಮ್ಮ ಮನೆಯ ತೋಟಕ್ಕೆ ಉಪಯೋಗವಾಗಲಿ.

ನಾಲ್ಕು, ಜಮೀನೇ ಇಲ್ಲದವರನ್ನು ಮರೆಯಬಾರದು. ಎರೆಹುಳು ಗೊಬ್ಬರ, ಮೆಣಸಿನ ಬಳ್ಳಿಯ ನರ್ಸರಿ, ಟ್ರೈಕೋಡರ್ಮಾ ಬೆಳೆಸಿದ ಗೊಬ್ಬರ, ಇವನ್ನು ಹತ್ತಡಿ ಜಾಗದಲ್ಲಿಯೂ ಮಾಡಬಹುದು. ಲೈನ್ ಮನೆಗಳ ತಾಯಂದಿರ ಸ್ವಸಹಾಯ ಗುಂಪುಗಳಿಗೆ ಈ ತರಬೇತಿ ಕೊಡಿಸಿದರೆ, ಗೊಬ್ಬರದ ಅಂಗಡಿಗೆ ಹೋಗುತ್ತಿದ್ದ ಹಣದ ಒಂದು ಪಾಲು ಅವರ ಕೈಗೆ ಬರುತ್ತದೆ.

ಮಿತ್ರರೇ, ಬೆಲೆ ಚೆನ್ನಾಗಿರುವ ವರ್ಷದಲ್ಲಿಯೇ ಈ ಕೆಲಸ ಶುರುವಾಗಬೇಕು. ಕಾಫಿಯ ಬೆಲೆ ಏರಿದಷ್ಟೇ ಖಚಿತವಾಗಿ ಇಳಿಯುತ್ತದೆ ಎಂಬುದನ್ನು 2001 ನಮಗೆ ಕಲಿಸಿದೆ. ಬೆಲೆ ಬಿದ್ದ ಮೇಲೆ ಸೇತುವೆ ಕಟ್ಟಲು ಯಾರ ಹತ್ತಿರವೂ ಹಣ ಇರುವುದಿಲ್ಲ. ಆಗ ಉಳಿಯುವ ದಾರಿ ಎರಡೇ: ತೋಟ ಮಾರುವುದು, ಇಲ್ಲವೇ ಮಕ್ಕಳನ್ನು ಶಾಲೆ ಬಿಡಿಸುವುದು. ಇವೆರಡೂ ಬಾರದಿರಲಿ ಎಂದರೆ ಬರುವ ಮುಂಗಾರಿಗೆ ಮುಂಚೆ ಹತ್ತು ಮನೆಯ ಹಿತ್ತಲಿನಲ್ಲಿ ಹತ್ತು ಗೊಬ್ಬರ ಗುಂಡಿಗಳು ತಯಾರಾಗಬೇಕು. ಹೆಸರು ಕೊಡಲು ಇಷ್ಟವುಳ್ಳವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಬರೆಸಿ ಎಂದು ಕೇಳಿಕೊಳ್ಳುತ್ತೇನೆ.